ಬೀರುವಿನಲ್ಲಿ ಬಿದ್ದಿರುವ ಕ್ರಿಕೆಟ್ ಕಾರ್ಡುಗಳನ್ನು ಏನು ಮಾಡುವುದು?

ಮಕ್ಕಳು ಹೈಸ್ಕೂಲು ದಾಟಿದ ಮನೆಗಳಲ್ಲಿ ಕ್ರಿಕೆಟ್ ಕಾರ್ಡಿನ ಡಬ್ಬ ಒಂದು ಎಲ್ಲೋ ಮೂಲೆಯಲ್ಲಿ ಇದ್ದೇ ಇರುತ್ತದೆ. ಟಾಪ್ಸ್‌ನವರ ಕ್ರಿಕೆಟ್ ಅಟ್ಯಾಕ್ಸ್, ಪನೀನಿ ಕಾರ್ಡು, ನಡುವೆ ಒಂದಷ್ಟು ಡಬ್ಲ್ಯುಡಬ್ಲ್ಯುಇ ಪೈಲ್ವಾನರು. ಒಬ್ಬನೇ ಆಟಗಾರ ಏಳೆಂಟು ಸಲ. ಬಿಸಾಡಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗ ಇಲ್ಲ.

ದುಡ್ಡಿನ ಆಸೆ ಮೊದಲು ಬಿಡಿ. ಅಮೆರಿಕದಲ್ಲಿ 1980ರ ದಶಕದ ಕೊನೆಗೆ, 90ರ ದಶಕದ ಶುರುವಿಗೆ ಬೇಸ್‌ಬಾಲ್ ಕಾರ್ಡುಗಳನ್ನು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದರು, ಮುಂದೆ ಬೆಲೆ ಬರುತ್ತದೆ ಎಂದು ಜನ ಪೆಟ್ಟಿಗೆಗಟ್ಟಲೆ ಎತ್ತಿಟ್ಟರು, ಎಲ್ಲರೂ ಎತ್ತಿಟ್ಟಿದ್ದರಿಂದಲೇ ಬೆಲೆ ಬರಲಿಲ್ಲ. ನಮ್ಮದೂ ಅದೇ ಕಥೆ. ಆದರೂ ಒಂದು ಸಲ ಕಣ್ಣಾಡಿಸಿ. ಆಟಗಾರನ ಸಹಿ ಇರುವುದು, ಇಷ್ಟರಲ್ಲಿ ಇಷ್ಟನೆಯದು ಎಂದು ನಂಬರ್ ಅಚ್ಚಾಗಿರುವುದು, ದೊಡ್ಡ ಆಟಗಾರನ ಮೊದಲ ವರ್ಷದ್ದು ಸಿಕ್ಕರೆ ಬೇರೆ ಇಡಿ. ಆನ್‌ಲೈನಿನಲ್ಲಿ ನೋಡುವಾಗ ಮಾರುವವರು ಕೇಳುವ ಬೆಲೆಯನ್ನಲ್ಲ, ನಿಜಕ್ಕೂ ಮಾರಾಟವಾದ ಬೆಲೆಯನ್ನು ನೋಡಿ. ಕೇಳೋದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು.

ಇನ್ನು ಉಳಿದ ಮೂಟೆಯನ್ನು ಹಾಗೇ ಯಾವುದೋ ಸರ್ಕಾರಿ ಶಾಲೆಗೆ ಸಾಗಿಸಿ ದಾನ ಮಾಡಿದೆ ಅನ್ನಬೇಡಿ. ನಿಮ್ಮ ಮನೆಯ ಕಸ ಮೇಷ್ಟರ ಬೀರುವಿಗೆ ಹೋಯಿತು, ಅಷ್ಟೇ. ಏನಾದರೂ ಒಂದು ಮಾಡಿ ಆಮೇಲೆ ಕೊಡಿ.

ಮೈಸೂರಿನಲ್ಲಿದ್ದರೆ ಎಲ್ಲಕ್ಕಿಂತ ಒಳ್ಳೆಯ ಜಾಗ ದಸರಾ ಬೊಂಬೆ ಸಾಲು. ರಾಗಿ ಪೈರಿನ ಪಾರ್ಕು ಹೇಗೂ ಮಾಡುತ್ತೀರಲ್ವಾ, ಈ ಸಲ ಅದನ್ನೇ ಕ್ರಿಕೆಟ್ ಮೈದಾನ ಮಾಡಿ. ಪಾಡ್ಯಕ್ಕೆ ಒಂದು ವಾರ ಮುಂಚೆ ಅಗಲವಾದ ಟ್ರೇಯಲ್ಲಿ ಒಂದೂವರೆ ಇಂಚು ಮಣ್ಣು ಹಾಕಿ, ರಾತ್ರಿ ನೆನೆಸಿಟ್ಟ ರಾಗಿಯನ್ನು ಒತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ದಿನಾ ನೀರು ಚಿಮುಕಿಸಿ. ನಡುವೆ ಪಿಚ್ಚಿಗೆ ಎರಡು ಬೆರಳು ಅಗಲದ ಪಟ್ಟಿ ಬಿತ್ತದೆ ಬಿಟ್ಟು, ಜರಡಿ ಹಿಡಿದ ಮಣ್ಣು ಹಾಕಿ ಒತ್ತಿ. ಪೈರು ಜಾಸ್ತಿ ಎದ್ದರೆ ಕತ್ತರಿಯಲ್ಲಿ ಸಮ ಮಾಡಿ. ಕಾರ್ಡಿನಿಂದ ಆಟಗಾರನನ್ನು ಆಕಾರಕ್ಕೆ ಸರಿಯಾಗಿ ಕತ್ತರಿಸಿ, ಹಿಂದೆ ಪರಕೆ ಕಡ್ಡಿ ಇಟ್ಟು ಸೆಲ್ಲೋಟೇಪ್ ಹಾಕಿ ಮಣ್ಣಿಗೆ ಚುಚ್ಚಿ. ಹೊಸ ಪರಕೆಯದ್ದಾಗಿರಲಿ, ಇಲ್ಲದಿದ್ದರೆ ದೇವರ ಬೊಂಬೆಗಳ ಹತ್ತಿರ ಇಡಲು ಅಜ್ಜಿ ಬಿಡುವುದಿಲ್ಲ. ಕಾರ್ಡು ಮಣ್ಣಿಗೆ ತಾಗಬಾರದು, ತಾಗಿದರೆ ಅಂಚು ಉಬ್ಬಿ ಪದರ ಬಿಟ್ಟುಕೊಳ್ಳುತ್ತದೆ. ಪ್ರೇಕ್ಷಕರ ಗ್ಯಾಲರಿಯನ್ನೂ ಅದಕ್ಕೇ ಟ್ರೇಯ ಹೊರಗೆ ಮಾಡಿ: ಥರ್ಮಾಕೋಲ್ ಮೆಟ್ಟಿಲುಗಳಲ್ಲಿ ಬ್ಲೇಡಿನಿಂದ ಸೀಳು ಮಾಡಿ ಕಾರ್ಡು ಸಿಕ್ಕಿಸಿದರೆ ಆಯಿತು. ನೂರಾರು ಕಾರ್ಡು ಇಲ್ಲೇ ಖರ್ಚು. ಬೊಂಬೆ ನೋಡಲು ಬರುವ ಮಕ್ಕಳಿಗೆ ಬೊಂಬೆ ಬಾಗಿನದ ಜೊತೆ ಒಂದೊಂದು ಕಾರ್ಡು ಕೊಡಿ, ಅವರೇ ಆರಿಸಿಕೊಳ್ಳಲಿ.

ಇನ್ನೊಂದು ದಾರಿ, ಹಳೇ ಕಾರ್ಡಿನಿಂದ ಹೊಸ ಕಾರ್ಡು. ಹೊಳಪಿನ ಮೈ ಮೇಲೆ ಫೆವಿಕಾಲ್ ನಿಲ್ಲುವುದಿಲ್ಲ, ಒಣಗಿದ ಮೇಲೆ ಕಾಗದ ಸಿಪ್ಪೆಯ ಹಾಗೆ ಕಿತ್ತು ಬರುತ್ತದೆ. ಅದಕ್ಕೆ ಬಡಗಿಗಳು ಬಳಸುವ ಪಾಲಿಶ್ ಪೇಪರಿನಲ್ಲಿ, ನಯವಾದದ್ದರಲ್ಲಿ, ಮೊದಲು ಹೊಳಪು ಹೋಗುವ ತನಕ ಉಜ್ಜಿ. ಆಮೇಲೆ ಎರಡೂ ಕಡೆ ಬಿಳಿ ಕಾಗದ ಅಂಟಿಸಿ, ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಡಿ. ಮಕ್ಕಳು ತಮ್ಮ ಬೀದಿ ಟೀಮಿನ ಆಟಗಾರರ ಕಾರ್ಡು ಬರೆಯಲಿ. ನಮ್ಮೂರಿನ ಜಾವಗಲ್ ಶ್ರೀನಾಥ್ ಅವರದ್ದೂ ಒಂದಿರಲಿ: 67 ಟೆಸ್ಟ್, 236 ವಿಕೆಟ್. ಟೆಸ್ಟಿಗೆ ಸರಾಸರಿ ಎಷ್ಟು ಎಂದು ಕೇಳಿ, ಗಣಿತವೂ ಆಯಿತು. ಶಾಲೆಗೆ ಕೊಡುವುದಿದ್ದರೆ ಕಾಗದ ಅಂಟಿಸದ ಕಾರ್ಡುಗಳನ್ನು ಹನ್ನೊಂದು ಹನ್ನೊಂದರ ಕಟ್ಟು ಕಟ್ಟಿ ಕೊಡಿ, ಮೇಷ್ಟರನ್ನು ಕೇಳಿಯೇ ಕೊಡಿ. ಎಷ್ಟೋ ಕಾರ್ಡುಗಳ ಮೇಲೆ ಬ್ಯಾಟಿಂಗ್, ಬೌಲಿಂಗ್ ಅಂಕ ಇರುತ್ತದೆ, ಕೂಡಲು, ಸರಾಸರಿ ತೆಗೆಯಲು ಸಾಕು. ಬುಕ್ ಕ್ರಿಕೆಟ್ ಆಡುವವರಿಗೂ ಇದೇ ಕಟ್ಟು ಟೀಮ್ ಆಗುತ್ತದೆ.

ಸ್ವಲ್ಪ ತಾಳ್ಮೆ ಇದ್ದರೆ ಗಂಜೀಫಾ, ಅಂದರೆ ಗುಂಡನೆಯ ಎಲೆಗಳ ಹಳೇ ಇಸ್ಪೀಟು, ಮಾಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಆಸರೆ ಪಡೆದಿದ್ದ ಆಟ ಇದು, ನಮ್ಮ ಕೈಯಲ್ಲಿರುವ ಚೌಕದ ಕಾರ್ಡಿಗಿಂತ ನನಗೇನೋ ಇದೇ ಚೆಂದ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೊಂದರಂತೆ 10 ಗುಂಪು, ಗುಂಪಿಗೆ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆ, ಒಟ್ಟು 120. ಕಾರ್ಡಿನ ಅಗಲ ಸಾಮಾನ್ಯವಾಗಿ ಎರಡೂವರೆ ಇಂಚು. ಹಾಗಾಗಿ 2-4 ಸೈಜಿನ ಬಳೆ ಇಟ್ಟು ಒಳಗಡೆ ಪೆನ್ಸಿಲ್ ಆಡಿಸಿದರೆ ಎರಡೂಕಾಲು ಇಂಚಿನ ಗುಂಡು ಸರಿಯಾಗಿ ಕೂರುತ್ತದೆ. ಕಾಗದ ಅಂಟಿಸಿ ಒಣಗಿದ ಮೇಲೆಯೇ ಕತ್ತರಿಸಿ. ಮೀನು, ಆಮೆ, ಹಂದಿಗಳ ಚಿತ್ರ ಮಕ್ಕಳೇ ಬಿಡಿಸಲಿ. ಹಿಂಭಾಗ ಮಾತ್ರ ಎಲ್ಲಕ್ಕೂ ಒಂದೇ ಬಣ್ಣ ಇರಬೇಕು, ಇಲ್ಲದಿದ್ದರೆ ಯಾವ ಎಲೆ ಯಾರ ಹತ್ತಿರ ಇದೆ ಎಂದು ಗೊತ್ತಾಗಿ ಆಟ ಕೆಡುತ್ತದೆ.

ಸಣ್ಣಪುಟ್ಟ ಉಪಯೋಗ ಬೇಕಾದಷ್ಟಿವೆ. ಉದ್ದಕ್ಕೆ ಸೀಳಿದರೆ ಪುಸ್ತಕದಲ್ಲಿ ಗುರುತಿಗೆ ಇಡಬಹುದು, ಬಟ್ಟೆ ಕ್ಲಿಪ್ಪಿನಿಂದ ಸೈಕಲ್ ಕಡ್ಡಿಗೆ ತಾಗುವ ಹಾಗೆ ಸಿಕ್ಕಿಸಿದರೆ ಬೀದಿಗೆಲ್ಲ ಕೇಳುವ ಹಾಗೆ ಫಟಫಟ ಅನ್ನುತ್ತದೆ.

ಮಡಚಿದ್ದು, ಹರಿದದ್ದನ್ನು ನೀರು ಕಾಯಿಸುವ ಹಂಡೆ ಒಲೆಗೆ ಹಾಕಬೇಡಿ. ಮೇಲೆ ಪ್ಲಾಸ್ಟಿಕ್ ಪದರ, ಮಿಂಚಿನ ಹಾಳೆ ಇರುತ್ತದೆ, ಸುಟ್ಟರೆ ಕೆಟ್ಟ ಹೊಗೆ. ಹಳೇ ಪೇಪರಿನವರಿಗೂ ಅದು ಬೇಡ. ಒಣ ಕಸದ ಬುಟ್ಟಿಗೆ ಹಾಕಿ, ಬೆಳಿಗ್ಗೆ ಗಾಡಿ ಬಂದಾಗ ಹಸಿ ಕಸದಿಂದ ಬೇರೆಯಾಗಿ ಕೊಡಿ.