ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಕಿವಿ, ಆಮೇಲೆ ಮೀಟರ್

ಲೈಸೆನ್ಸ್, ಇನ್ಶೂರೆನ್ಸ್, ರಿಜಿಸ್ಟ್ರೇಷನ್ ಹೇಗೋ ಆಗುತ್ತವೆ. ಪಟ್ಟಿ ನೋಡಿಕೊಂಡು ಕಾಗದ ಕೊಟ್ಟರೆ ಮುಗಿಯಿತು. ಆದರೆ ಹೊರದೇಶಕ್ಕೆ ಹೊಸದಾಗಿ ಬಂದವರು ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕೀ ತಿರುಗಿಸಿದಾಗ ಗಾಡಿ ಅಲುಗದಿದ್ದರೆ? ಊರಲ್ಲಾಗಿದ್ದರೆ ನಾಲ್ಕು ಜನ ತಾವಾಗಿಯೇ ಬಂದು ತಳ್ಳುತ್ತಿದ್ದರು. ಇಲ್ಲಿ ತಳ್ಳುವವರು ಸಿಕ್ಕರೂ ಆಟೋಮ್ಯಾಟಿಕ್ ಗಾಡಿ ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ. ಹಾಗಾಗಿ ತೊಂದರೆ ಎಲ್ಲಿದೆ ಅಂತ ಕಂಡುಹಿಡಿಯುವುದನ್ನು ನಾವೇ ಕಲಿಯಬೇಕು.

ನಮ್ಮವರಲ್ಲಿ ಜಾಸ್ತಿ ನೋಡುವ ತಪ್ಪು ಎಂದರೆ, ಏನೂ ಪರೀಕ್ಷಿಸದೆ ಹೊಸ ಬ್ಯಾಟರಿ ತರುವುದು. ಅದರಿಂದಲೂ ಆಗದಿದ್ದರೆ ಸ್ಟಾರ್ಟರ್ (ಇಂಜಿನ್ನನ್ನು ಮೊದಲು ತಿರುಗಿಸುವ ಮೋಟರ್) ಬದಲಿಸುವುದು. ಊಹೆಗೆ ಹಣ ಸುರಿಯಬೇಡಿ. ಮೊದಲು ಸದ್ದು ಕೇಳಿ.

ಟಕಟಕಟಕ ಅಂತ ಸದ್ದು ಬಂದು ದೀಪಗಳು ಮಂಕಾದರೆ ಬ್ಯಾಟರಿ ಡೌನ್ ಆಗಿದೆ, ಇಲ್ಲವೇ ಟರ್ಮಿನಲ್ (ಬ್ಯಾಟರಿಗೆ ವೈರ್ ಸೇರುವ ಜಾಗ) ಸಡಿಲವಾಗಿದೆ. ಒಂದೇ ಸಲ ಟಕ್ ಅಂದು ನಿಂತು, ದೀಪ ಚೆನ್ನಾಗೇ ಉರಿಯುತ್ತಿದ್ದರೆ ಸ್ಟಾರ್ಟರ್ ಮೋಟರ್, ಅದರ ಸೊಲೆನಾಯ್ಡ್ (ಮೋಟರಿಗೆ ಕರೆಂಟ್ ಬಿಡುವ ಸ್ವಿಚ್) ಅಥವಾ ಅಲ್ಲಿಗೆ ಹೋಗುವ ದಪ್ಪ ವೈರಿನ ಮೇಲೆ ಅನುಮಾನ ಪಡಿ. ಸದ್ದೇ ಇಲ್ಲ, ದೀಪ ಮಾತ್ರ ಇದೆ ಅಂದರೆ ಬಹುಶಃ ಸ್ಟಾರ್ಟರ್‌ವರೆಗೆ ಕರೆಂಟೇ ತಲುಪುತ್ತಿಲ್ಲ. ಗೇರನ್ನು ಪಾರ್ಕ್‌ನಿಂದ ನ್ಯೂಟ್ರಲ್‌ಗೆ ತಂದು ನೋಡಿ. ಮ್ಯಾನ್ಯುಯಲ್ ಆದರೆ ಕ್ಲಚ್ ಪೂರ್ತಿ ಒತ್ತಿ. ಆಮೇಲೆ ಫ್ಯೂಸ್, ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್) ನೋಡಿ. ಇಂಜಿನ್ ಜೋರಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ತಪ್ಪು ಬ್ಯಾಟರಿಯದ್ದಲ್ಲ. ಪೆಟ್ರೋಲ್ ಪಂಪ್, ಸ್ಪಾರ್ಕ್, ಸೆನ್ಸರ್ ಅಥವಾ ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಇಂಜಿನ್ ಹತ್ತದಂತೆ ತಡೆಯುವ ಕಳ್ಳತನ-ತಡೆ ವ್ಯವಸ್ಥೆ) ಇರಬಹುದು. ಕೀ ಚಿತ್ರದ ದೀಪ ಮಿನುಗಿದರೆ ಇನ್ನೊಂದು ಕೀ ಹಾಕಿ ನೋಡಿ. ಬಟನ್ ಗಾಡಿಯಾದರೆ ರಿಮೋಟಿನ ಸೆಲ್ ಮುಗಿದಿರಬಹುದು. ಬಹಳಷ್ಟು ಗಾಡಿಗಳಲ್ಲಿ ರಿಮೋಟನ್ನು ಬಟನ್‌ಗೆ ತಾಗಿಸಿ ಹಿಡಿದರೆ ಸ್ಟಾರ್ಟ್ ಆಗುತ್ತದೆ.

ಇನ್ನು ಮಲ್ಟಿಮೀಟರ್, ಅಂದರೆ ವೋಲ್ಟ್, ಕರೆಂಟ್ ಅಳೆಯುವ ಪುಟ್ಟ ಉಪಕರಣ. ಸಾಧಾರಣ ಬೆಲೆಯದ್ದೇ ಸಾಕು, ಆದರೆ ಮನೆಯಲ್ಲಿ ಒಂದು ಇರಲೇಬೇಕು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಆದರೆ ನಿಂತಾಗ ಚೆನ್ನಾಗಿರುವ ಬ್ಯಾಟರಿಯೂ ಭಾರ ಬಿದ್ದಾಗ ಸೋಲಬಹುದು. ಅದಕ್ಕೆ ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡಿ. 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ಶಕ್ತಿ ಇಲ್ಲ. ಬ್ಯಾಟರಿ ಗಟ್ಟಿಯಾಗಿದ್ದೂ ಸ್ಟಾರ್ಟರ್ ಎಳೆಯದಿದ್ದರೆ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಕಂಬಕ್ಕೆ, ಇನ್ನೊಂದು ಅದೇ ಕಂಬದ ಕ್ಲಾಂಪಿಗೆ ಇಟ್ಟು ಮತ್ತೆ ಸೆಲ್ಫ್ ಹೊಡೆಯಿರಿ. 0.2 ವೋಲ್ಟ್‌ಗಿಂತ ಜಾಸ್ತಿ ಬಂದರೆ ಆ ಜೋಡಣೆಯಲ್ಲೇ ದೋಷ. ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಮೊದಲು ಮೈನಸ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಿಂದ ತಿಕ್ಕಿ, ಒಣಗಿಸಿ ಬಿಗಿ ಮಾಡಿ. ಎಷ್ಟೋ ಗಾಡಿಗಳು ಇಷ್ಟಕ್ಕೇ ಸರಿಹೋಗುತ್ತವೆ. ಹೈಬ್ರಿಡ್ ಗಾಡಿಯಲ್ಲಿ ಕಿತ್ತಳೆ ಬಣ್ಣದ ಕೇಬಲ್ ಮಾತ್ರ ಮುಟ್ಟಲೇಬೇಡಿ.

ಚಳಿ ದೇಶಕ್ಕೆ ಬಂದವರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಿ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಟರಿಯ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಇಂಜಿನ್ ಆಯಿಲ್ ಗಟ್ಟಿಯಾಗುತ್ತದೆ. ಖಾಲಿ ಬ್ಯಾಟರಿ ಹೆಪ್ಪುಗಟ್ಟಲೂಬಹುದು. ಉಬ್ಬಿದ, ಹೆಪ್ಪುಗಟ್ಟಿದ ಬ್ಯಾಟರಿಗೆ ಜಂಪ್ (ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡುವುದು) ಕೊಡಲೇಬೇಡಿ, ಸಿಡಿಯಬಹುದು. ಉಳಿದಂತೆ ಪ್ಲಸ್‌ಗೆ ಪ್ಲಸ್ ಹಾಕಿ, ಒಳ್ಳೆಯ ಬ್ಯಾಟರಿಯ ಮೈನಸ್‌ಗೆ ಕಪ್ಪು ಕೇಬಲ್ ಹಾಕಿ. ಅದರ ಇನ್ನೊಂದು ತುದಿಯನ್ನು ಕೆಟ್ಟ ಗಾಡಿಯ ಇಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಹಾಕಿ. ಬ್ಯಾಟರಿ ಹತ್ತಿರ ಹೈಡ್ರೋಜನ್ ಇರುತ್ತದೆ, ಕಿಡಿ ಅಲ್ಲಿ ಹಾರಬಾರದು.

ಜಂಪ್‌ಗೆ ಇನ್ನೊಂದು ಗಾಡಿ ಬೇಕು, ಅಂದರೆ ಇನ್ನೊಬ್ಬ ಮನುಷ್ಯ ಬೇಕು. ಪಕ್ಕದ ಮನೆಯವರನ್ನು ಕೇಳಲು ನಮ್ಮವರಿಗೆ ತುಂಬಾ ಸಂಕೋಚ. ದಯವಿಟ್ಟು ಕೇಳಿ. ನಮ್ಮ ಗಾಡಿಯನ್ನೂ ಮನೆಮಂದಿಯನ್ನೂ ಬಲ್ಲ ಆ ಮೆಕ್ಯಾನಿಕ್ಕನನ್ನು ನಾವು ಬಿಟ್ಟು ಬಂದಿದ್ದೇವೆ, ಆ ಸಲುಗೆ ಇಲ್ಲಿ ಮತ್ತೆ ಸಿಗುವುದು ಕಷ್ಟ. ಆದರೂ ಒಂದೇ ಬಾನೆಟ್ಟಿನ ಮೇಲೆ ಬಾಗಿ ನಿಂತವರ ನಡುವೆ ಮಾತು ಹುಟ್ಟುತ್ತದೆ. ಮಕ್ಕಳನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡು ಕನ್ನಡದಲ್ಲೇ ವಿವರಿಸಿ. ಮನೆಯಲ್ಲಿ ಊಟ, ನಿದ್ದೆ, ಬೈಗುಳಕ್ಕೆ ಮಾತ್ರ ಕನ್ನಡ ಉಳಿದರೆ ಅವರಿಗೆ ಅದರ ಬಲ ಗೊತ್ತಾಗುವುದು ಹೇಗೆ?

ಸ್ಟಾರ್ಟ್ ಆದ ಮೇಲೆ ಮೀಟರ್ ಸಾಮಾನ್ಯವಾಗಿ 13.5ರಿಂದ 14.7ರೊಳಗೆ ತೋರಿಸಬೇಕು. 12ರ ಆಸುಪಾಸಲ್ಲೇ ಇದ್ದರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಯಂತ್ರ) ಚಾರ್ಜ್ ಮಾಡುತ್ತಿಲ್ಲ, ಹೊಸ ಬ್ಯಾಟರಿಯೂ ಸಾಯುತ್ತದೆ. ಚಾರ್ಜಿಂಗ್ ಸರಿಯಿದ್ದೂ ಮತ್ತೆ ಮತ್ತೆ ಡೌನ್ ಆದರೆ ನಿಂತ ಗಾಡಿಯಲ್ಲೇ ಏನೋ ಕರೆಂಟ್ ಎಳೆಯುತ್ತಿದೆ. ಎಲ್ಲ ಆಫ್ ಮಾಡಿ, ಮೀಟರನ್ನು ಆಂಪಿಯರ್‌ಗೆ ಇಟ್ಟು ಮೈನಸ್ ಕಂಬಕ್ಕೂ ಅದರಿಂದ ಬಿಚ್ಚಿದ ಕೇಬಲ್ಲಿಗೂ ನಡುವೆ ಜೋಡಿಸಿ, ಅರ್ಧ ಗಂಟೆಗೂ ಹೆಚ್ಚು ಬಿಟ್ಟು ನೋಡಿದರೆ ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿರಬೇಕು. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಇಳಿಯಿತೋ ಆ ಸರ್ಕ್ಯೂಟಲ್ಲಿ ಕಳ್ಳ ಇದ್ದಾನೆ.

ರಜೆಗೆ ಊರಿಗೆ ಹೊರಟಾಗ ಮೈನಸ್ ಕೇಬಲ್ ಬಿಚ್ಚಿಟ್ಟು ಹೋಗಿ. ಬ್ಯಾಟರಿ ಡಿಕ್ಕಿಯಲ್ಲಿದ್ದರೆ ಮಾತ್ರ, ಕರೆಂಟ್ ಇಲ್ಲದೆ ಡಿಕ್ಕಿ ತೆರೆಯುವ ಕೀ ಕೈಯಲ್ಲಿದೆಯಾ ಅಂತ ಮುಚ್ಚುವ ಮೊದಲೇ ನೋಡಿಕೊಳ್ಳಿ.