ಮುಯ್ಯಿ ಪುಸ್ತಕ ಮುಂಬೈಗೆ ಹೋದದ್ದು

ನಮ್ಮ ಮದುವೆಗೆ ಬಂದವರು ನಲವತ್ತಾರು ಜನ. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಇವರ, ಅಂದರೆ ನನ್ನ ಗಂಡನ ಮನೆ. ಅಲ್ಲಿ ಅಂಗಳಕ್ಕೆ ಚಪ್ಪರ ಹಾಕಿ, 2022ರ ಮೇ 12ರಂದು ಮದುವೆ ಆಯಿತು. ಇಬ್ಬರಿಗೂ ಎರಡನೆಯದು. ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗದ ವಿನೋಬನಗರದಲ್ಲಿ. ಈಗ ಅಮೆರಿಕದ ಪ್ರಜೆ, ಟೆಕ್ಸಾಸಿನಲ್ಲಿ ಕೆಲಸ. ಇವರು ಊರಿನಲ್ಲೇ ಖಾಸಗಿ ಶಾಲೆಯ ಮೇಷ್ಟ್ರು. ದೊಡ್ಡಮ್ಮ ನೋಡಿದ ಸಂಬಂಧ. ಮೊದಲ ಸಲ ಮುಖ ನೋಡಿದ್ದು 2021ರ ಡಿಸೆಂಬರಿನಲ್ಲಿ. ಐದೇ ತಿಂಗಳಿಗೆ ಮದುವೆ.

ಸಣ್ಣ ಮದುವೆ, ಎರಡನೇ ಮದುವೆ, ಐದು ತಿಂಗಳ ಪರಿಚಯ, ಮದುವೆಯಾಗಿ ಮೂರೇ ವಾರಕ್ಕೆ ನಾನು ವಾಪಸ್. ಇವರನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ಅರ್ಜಿ ನೋಡುವ, ನಮ್ಮನ್ನು ಗೊತ್ತಿಲ್ಲದ ಅಧಿಕಾರಿ ಇದನ್ನೆಲ್ಲ ಕಾಗದದ ಮೇಲೆ ನೋಡಿದರೆ ಏನಂದುಕೊಳ್ಳಬಹುದು? ಅದನ್ನೇ ಯೋಚಿಸುತ್ತಾ ಎಷ್ಟೋ ರಾತ್ರಿ ನನಗೆ ನಿದ್ದೆ ಬಂದಿಲ್ಲ.

ಅಮೆರಿಕದ ಪ್ರಜೆ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಲು ಮೊದಲು ಐ-130 ಅರ್ಜಿ ಹಾಕಬೇಕು. ಅದರ ಜೊತೆ, ಬರಲಿರುವ ಗಂಡ ಅಥವಾ ಹೆಂಡತಿಯ ವಿವರಕ್ಕೆ ಐ-130ಎ. ಆಗ ಶುಲ್ಕ 535 ಡಾಲರ್ ಇತ್ತು, ಆಮೇಲೆ ಜಾಸ್ತಿ ಆಗಿದೆ. ಫಾರ್ಮ್ ತುಂಬುವುದು ಕಷ್ಟವಲ್ಲ. ಕಷ್ಟ ಇರುವುದು ಮದುವೆ ನಿಜ ಅಂತ ತೋರಿಸುವುದರಲ್ಲಿ. ಫಾರ್ಮಿನ ಸೂಚನೆಯಲ್ಲಿ ಜಂಟಿ ಆಸ್ತಿ, ಇಬ್ಬರ ಹೆಸರಿನ ಬಾಡಿಗೆ ಕರಾರು, ಒಟ್ಟಾದ ಬ್ಯಾಂಕ್ ವ್ಯವಹಾರ, ಮಕ್ಕಳ ಜನನ ಪ್ರಮಾಣಪತ್ರ ಅಂತ ಪಟ್ಟಿ ಇದೆ. ಬೇರೆ ಬೇರೆ ದೇಶದಲ್ಲಿರುವ ನಮ್ಮ ಹತ್ತಿರ ಇದರಲ್ಲಿ ಒಂದೂ ಇರಲಿಲ್ಲ.

ಶಿವಮೊಗ್ಗದಲ್ಲಿ ಒಬ್ಬ ಏಜೆಂಟ್ ಹತ್ತಿರ ಹೋದೆವು. ಅವರು ಕೊಟ್ಟ ಸಲಹೆ ಇದು: ಜೋಗಕ್ಕೆ, ಆಗುಂಬೆಗೆ ಹೋಗಿ, ದಿನಕ್ಕೆ ನಾಲ್ಕು ಸಲ ಬಟ್ಟೆ ಬದಲಾಯಿಸಿ ಫೋಟೊ ತೆಗೆಸಿ, ಬೇರೆ ಬೇರೆ ತಿಂಗಳದ್ದು ಅಂತ ಹಾಕೋಣ. ಕೇಳಿ ನನಗೆ ಭಯವೇ ಆಯಿತು. ಸುಳ್ಳು ಮದುವೆ ಅಂತ ಒಮ್ಮೆ ತೀರ್ಮಾನವಾದರೆ ಮುಂದೆ ಆ ವ್ಯಕ್ತಿಗೆ ಯಾರೇ ಇಂಥ ಅರ್ಜಿ ಹಾಕಿದರೂ ಒಪ್ಪುವುದಿಲ್ಲ. ವಲಸೆಗಾಗಿ ಸುಳ್ಳು ಮದುವೆಯಾದರೆ ಐದು ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ ಇದೆ. ನಿಜವಾದ ಮದುವೆಗೆ ಸುಳ್ಳು ಫೋಟೊ ಸೇರಿಸಿ ಅನುಮಾನ ತಂದುಕೊಳ್ಳುವುದು ಯಾಕೆ? ಸಾಲದ್ದಕ್ಕೆ ಅವರು ತುಂಬಿದ ಕರಡಿನಲ್ಲಿ ಮದುವೆ ದಿನ ಮೇ 19 ಅಂತಿತ್ತು. ಅದು ನಾವು ನೋಂದಣಿ ಮಾಡಿಸಿದ ದಿನ. ಲಗ್ನಪತ್ರಿಕೆಯಲ್ಲಿ 12, ಫೋಟೊದಲ್ಲಿ 12, ಅರ್ಜಿಯಲ್ಲಿ 19. ಅಂದೇ ಫೈಲ್ ವಾಪಸ್ ತಗೊಂಡು, ನಾನೇ ಮಾಡ್ತೀನಿ ಅಂತ ಕೂತೆ.

ಓದುತ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟವಾಯಿತು. ಕಾನೂನು ಕೇಳುವುದು ಮದುವೆಯಾದ ಹೊತ್ತಿನಲ್ಲಿ ಇಬ್ಬರಿಗೂ ಒಟ್ಟಿಗೆ ಬಾಳುವ ಮನಸ್ಸು ಇತ್ತಾ ಅಂತ. ಹಾಗಾದರೆ ವೀಸಾ ಅನ್ನುವ ಮಾತೇ ತಲೆಯಲ್ಲಿ ಇಲ್ಲದಾಗ ಹುಟ್ಟಿದ ಕಾಗದಗಳೇ ಗಟ್ಟಿ ಸಾಕ್ಷಿ, ಅಲ್ವಾ? ಅತ್ತೆಗೆ ಫೋನ್ ಮಾಡಿ, ಮದುವೆಯ ಯಾವ ಚೀಟಿಯನ್ನೂ ಎಸೆಯಬೇಡಿ ಅಂದೆ.

"ಚೀಟಿ ಎಲ್ಲಿ ಇಟ್ಟಿದೀನೋ ಏನೋ. ಮುಯ್ಯಿ ಪುಸ್ತಕ ಒಂದು ಇದೆ ನೋಡು," ಅಂದರು.

ಅದು ಇನ್ನೂರು ಪುಟದ ಗೆರೆ ನೋಟ್‌ಬುಕ್. ಮೊದಲ ಪುಟದ ಮೇಲ್ಗಡೆ ಅರಿಶಿನ, ಕುಂಕುಮದ ಬೊಟ್ಟು. ಅದರ ಕೆಳಗೆ ನಮ್ಮಿಬ್ಬರ ಹೆಸರು, ತಾರೀಖು. ಆಮೇಲೆ ಮೈದುನನ ಅಕ್ಷರದಲ್ಲಿ ಸಾಲು ಸಾಲಾಗಿ ಯಾರ ಮನೆಯವರು, ಏನು ಕೊಟ್ಟರು ಅಂತ. ಒಬ್ಬರು 501 ರೂಪಾಯಿ. ಒಬ್ಬರು ಸ್ಟೀಲ್ ಕೊಳಗ. ಪಕ್ಕದ ತೋಟದವರು ಎರಡು ಬಾಳೆಗೊನೆ, ಹತ್ತು ತೆಂಗಿನಕಾಯಿ. ಎರಡು ಕಡೆ ಶಾಯಿ ಬದಲಾಗಿದೆ. ಊಟದ ಹೊತ್ತಿಗೆ ಬೇರೆಯವರು ಕೂತು ಬರೆದದ್ದಂತೆ. ಒಂದು ಪುಟಕ್ಕೆ ಸಾರು ಚೆಲ್ಲಿದ ಕಲೆ. ನೂರು ಫೋಟೊ ಹೇಳದ ಮಾತನ್ನು ಈ ನಾಲ್ಕು ಪುಟ ಹೇಳುತ್ತವೆ ಅಂತ ನನಗೆ ಆಗಲೇ ಅನ್ನಿಸಿತು. ಆ ಪುಟಗಳನ್ನೂ ಲಗ್ನಪತ್ರಿಕೆಯನ್ನೂ ಸ್ಕ್ಯಾನ್ ಮಾಡಿ ಇಂಗ್ಲಿಷಿಗೆ ಅನುವಾದ ಮಾಡಿಸಿದೆ. ಅನುವಾದ ಪೂರ್ತಿಯಾಗಿದೆ, ಸರಿಯಾಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಅಂತ ಅನುವಾದಕರು ಬರೆದು ಸಹಿ ಹಾಕಬೇಕು. ನನ್ನದೇ ಅರ್ಜಿ, ಹಾಗಾಗಿ ನಾನು ಮಾಡದೆ ಗೆಳತಿಯ ಕೈಲಿ ಮಾಡಿಸಿದೆ. ಮುಯ್ಯಿ ಅಂದರೆ ಏನು, ಅದನ್ನು ಯಾಕೆ ಬರೆದಿಡುತ್ತಾರೆ, ನಾಳೆ ಅವರ ಮನೆಯ ಕಾರ್ಯದಲ್ಲಿ ನಾವು ಹೇಗೆ ತೀರಿಸುತ್ತೇವೆ ಅಂತ ಅರ್ಧ ಪುಟದ ವಿವರಣೆ ಸೇರಿಸಿದೆ.

ಇನ್ನು ಫೋನ್ ಕರೆ, ಸಂದೇಶಗಳ ದಾಖಲೆ. ಇವರ ಮನೆಯಲ್ಲಿ ಸಿಗ್ನಲ್ ಇಲ್ಲ. ಕೊಟ್ಟಿಗೆ ಹಿಂದಿನ ಗುಡ್ಡ ಹತ್ತಿದರೆ ಎರಡು ಕಡ್ಡಿ ಬರುತ್ತದೆ. ಬೆಳಿಗ್ಗೆ ಏಳಕ್ಕೆ ಇವರು ಗುಡ್ಡದ ಮೇಲೆ, ನನಗೆ ಆಗ ಹಿಂದಿನ ರಾತ್ರಿ ಎಂಟೂವರೆ. ದಿನಾ ಅದೇ ಹೊತ್ತು. ಆದರೆ ಜುಲೈನಲ್ಲಿ ಹನ್ನೊಂದು ದಿನ ಒಂದೇ ಒಂದು ಕರೆ ಇಲ್ಲ. ಹೊಸದಾಗಿ ಮದುವೆಯಾದವರು ಹನ್ನೊಂದು ದಿನ ಮಾತಾಡಿಲ್ಲ ಅಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಆ ತಿಂಗಳನ್ನು ಬಿಟ್ಟು ಉಳಿದದ್ದು ಕೊಡು ಅಂತ ಕೆಲವರು ಹೇಳಿದರು. ನಾನು ಬಿಡಲಿಲ್ಲ. ಮಳೆಗೆ ಶಾಲೆಗಳಿಗೆ ರಜೆ ಕೊಟ್ಟ ಸುದ್ದಿಯ ಪತ್ರಿಕೆ ತುಣುಕು ಇಟ್ಟೆ. ಕರೆಂಟ್ ಬಂದ ದಿನ ಇವರು ಕಳಿಸಿದ ಸಂದೇಶ ಇಟ್ಟೆ: "ಇವತ್ತೂ ರಜೆ. ದರೆ ಕುಸಿದು ದಾರಿ ಬಂದ್. ಗುಡ್ಡ ಹತ್ತೋಕೆ ಹೋದ್ರೆ ಕಾಲೆಲ್ಲ ಉಂಬಳ. ಊಟ ಮಾಡಿದ್ಯಾ?" (ಉಂಬಳ ಅಂದರೆ ಜಿಗಣೆ.) ಸಾವಿರಾರು ಸಂದೇಶಗಳಲ್ಲಿ ತಿಂಗಳಿಗೆ ಎರಡೋ ಮೂರೋ ಆರಿಸಿ, ಅಷ್ಟನ್ನೇ ಅನುವಾದ ಮಾಡಿಸಿದೆ. ಪ್ರೀತಿಯ ದೊಡ್ಡ ದೊಡ್ಡ ಮಾತು ಹುಡುಕಲಿಲ್ಲ. ಅತ್ತೆಯ ಮಂಡಿ ನೋವು, ಅಡಿಕೆ ಕೊನೆ ಕೊಯ್ಲು, ನನ್ನ ಕಾರಿನ ರಿಪೇರಿ ಇಂಥವೇ ಜಾಸ್ತಿ ಇದ್ದವು.

ಅರ್ಜಿಗೆ ಸಾಕ್ಷಿಯಾಗಿ ದೊಡ್ಡಮ್ಮ ಬರೆದುಕೊಟ್ಟ ಹೇಳಿಕೆ ಮೊದಲು "ಇವರಿಬ್ಬರೂ ಅನ್ಯೋನ್ಯವಾಗಿದ್ದಾರೆ" ಅಂತ ಮುಗಿದಿತ್ತು. ಅದರಿಂದ ಏನೂ ಉಪಯೋಗ ಇಲ್ಲ. "ದೊಡ್ಡಮ್ಮ, ನೀವು ಕಣ್ಣಾರೆ ನೋಡಿದ್ದು ಮಾತ್ರ ಬರೀರಿ" ಅಂದೆ. ಎರಡನೇ ಸಲ ಅವರು ಬರೆದದ್ದು ಓದಿ ನನಗೇ ಕಣ್ಣು ತುಂಬಿತು. ಮೊದಲ ಭೇಟಿ ದಿನ ನಾವಿಬ್ಬರೂ ಜಗಲಿಯಲ್ಲಿ ಕೂತು ಎರಡು ಗಂಟೆ ಮಾತಾಡಿದ್ದು, ಕಾಫಿ ಆರಿಹೋಗಿ ಅವರು ಮತ್ತೆ ಬಿಸಿ ಮಾಡಿ ತಂದದ್ದು, ಎಲ್ಲ ಇತ್ತು. ಹೇಳಿಕೆ ಕೊಡುವವರ ಪೂರ್ತಿ ಹೆಸರು, ವಿಳಾಸ, ಹುಟ್ಟಿದ ದಿನ, ಊರು, ನಮಗೆ ಏನಾಗಬೇಕು ಅನ್ನುವುದು ಕಡ್ಡಾಯವಾಗಿ ಇರಬೇಕು.

ವಿಚ್ಛೇದನದ ಬಗ್ಗೆ ಮನೆಯಲ್ಲಿ ಸ್ವಲ್ಪ ಮಾತಾಯಿತು. "ಅದನ್ನೆಲ್ಲ ಯಾಕೆ ಬರೀಬೇಕು" ಅಂತ ಅತ್ತೆಗೆ ಸಂಕಟ. ಆದರೆ ಹಿಂದಿನ ಪ್ರತಿ ಮದುವೆಯನ್ನೂ ಬರೆಯಲೇಬೇಕು, ಇಬ್ಬರ ಡಿಕ್ರಿ ಪ್ರತಿಯನ್ನೂ ಇಡಲೇಬೇಕು. ಮುಚ್ಚಿಟ್ಟದ್ದು ಆಮೇಲೆ ಹೊರಬಂದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಐ-130 ಒಪ್ಪಿಗೆಯಾಗಲು ಹದಿಮೂರು ತಿಂಗಳು ಬೇಕಾಯಿತು. ಆ ನಡುವೆ ಒಂದು ಸಲ, 2023ರ ಡಿಸೆಂಬರಿನಲ್ಲಿ ಇನ್ನೊಂದು ಸಲ ಊರಿಗೆ ಹೋಗಿ ಬಂದೆ. ಪಾಸ್‌ಪೋರ್ಟ್ ಮುದ್ರೆ, ಬೋರ್ಡಿಂಗ್ ಪಾಸ್, ಇಬ್ಬರ ಹೆಸರೂ ಇದ್ದ ಬೆಂಗಳೂರು–ಶಿವಮೊಗ್ಗ ರೈಲು ಟಿಕೆಟ್, ಎಲ್ಲ ಫೈಲಿಗೆ ಸೇರಿತು. ನನ್ನ ಜೀವವಿಮೆಗೆ ಇವರ ಹೆಸರು, ಇವರ ಎಲ್‌ಐಸಿ ಪಾಲಿಸಿಗೆ ನನ್ನ ಹೆಸರು ನಾಮಿನಿಯಾಗಿ ಬಂತು. ಆಮೇಲೆ ಇವರನ್ನು ನೋಡಿಕೊಳ್ಳಲು ನನ್ನ ಆದಾಯ ಸಾಕು ಅಂತ ತೋರಿಸುವ ಐ-864 ಫಾರ್ಮ್, ಇವರ ವೀಸಾ ಅರ್ಜಿ ಡಿಎಸ್-260, ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ಪರೀಕ್ಷೆ. ಇವೆಲ್ಲ ಒಂದಾದ ಮೇಲೆ ಒಂದು ಸುಮ್ನೆ ಆಗುತ್ತಾ ಹೋದವು.

2024ರ ಮಾರ್ಚಿನಲ್ಲಿ ಮುಂಬೈನ ಅಮೆರಿಕ ಕಾನ್ಸುಲೇಟಿನಲ್ಲಿ ಸಂದರ್ಶನ. ಇವರು ಒಬ್ಬರೇ ಹೋದರು. ನಾನು ಯಾವ ಉತ್ತರವನ್ನೂ ಬಾಯಿಪಾಠ ಮಾಡಿಸಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ ಅಂದಿದ್ದೆ. ಮದುವೆಗೆ ಯಾಕೆ ಇಷ್ಟು ಕಮ್ಮಿ ಜನ ಅಂತ ಕೇಳಿದರಂತೆ. "ಇಬ್ಬರಿಗೂ ಎರಡನೇ ಮದುವೆ. ಮನೆ ಅಂಗಳದಲ್ಲೇ ಆಗಲಿ ಅಂತ ಅಮ್ಮನ ಆಸೆ. ಬಂದವರೆಲ್ಲರ ಹೆಸರು ಇದರಲ್ಲಿದೆ," ಅಂತ ಇವರು ಮುಯ್ಯಿ ಪುಸ್ತಕ ಮುಂದಿಟ್ಟರು. ಅಧಿಕಾರಿ ಮೂಲ ಪುಸ್ತಕವನ್ನೇ ತೆಗೆದುಕೊಂಡು ಪುಟ ತಿರುವಿ ನೋಡಿದರು. ವೀಸಾ ಆಯಿತು.

ಏಪ್ರಿಲಿನಲ್ಲಿ ಇವರು ಇಲ್ಲಿಗೆ ಬಂದಾಗ ಮದುವೆಗೆ ಎರಡು ವರ್ಷ ತುಂಬಿರಲಿಲ್ಲ. ಹಾಗಾಗಿ ಸಿಕ್ಕಿದ್ದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನದೊಳಗೆ ಆ ಷರತ್ತು ತೆಗೆಸಲು ಇಬ್ಬರೂ ಸೇರಿ ಐ-751 ಅರ್ಜಿ ಹಾಕಬೇಕು, ಮದುವೆ ನಿಜ ಅಂತ ಮತ್ತೊಮ್ಮೆ ತೋರಿಸಬೇಕು. ಬಂದ ವಾರವೇ ಮನೆಯ ಬಾಡಿಗೆ ಕರಾರಿಗೆ, ಬ್ಯಾಂಕ್ ಖಾತೆಗೆ ಇವರ ಹೆಸರು ಸೇರಿಸಿದೆವು. ಮುಯ್ಯಿ ಪುಸ್ತಕ ಅತ್ತೆಯ ಕಪಾಟಿಗೆ ವಾಪಸ್ ಹೋಗಿದೆ. ಪಕ್ಕದ ತೋಟದವರ ಮಗಳ ಮದುವೆ ಬಂತಂತೆ. ಏನು ಮುಯ್ಯಿ ಮಾಡಬೇಕು ಅಂತ ಅತ್ತೆ ಅದನ್ನು ತೆಗೆದು ನೋಡಬೇಕಿತ್ತು.