ಫಿಲ್ಮ್ ಕ್ಯಾಮೆರಾದ ನೆಗೆಟಿವ್ ತೆಳುವಾಗಿದೆಯೇ, ಅಂದರೆ ಚಿತ್ರ ಮಸುಕಾಗಿ ಬಂದಿದೆಯೇ? ಫ್ರೇಮ್ ಮೇಲೆ ಫ್ರೇಮ್ ಬಿದ್ದಿದೆಯೇ?

ಮೊದಲು ನೆಗೆಟಿವ್ ನೋಡಿ. ಸ್ಕ್ಯಾನರ್ ಬೆಳಕನ್ನು ತಾನೇ ಸರಿಮಾಡಿಕೊಂಡು ದೋಷ ಮುಚ್ಚಿಬಿಡುತ್ತದೆ. ರೋಲ್ ಹೊರಗೆ ಕಳಿಸಿ ತೊಳೆಸುವ ಬಳ್ಳಾರಿ, ರಾಯಚೂರು ಕಡೆಯವರು ನೆಗೆಟಿವ್ ವಾಪಸ್ ಬೇಕೆಂದು ಮುಂಚೆಯೇ ಹೇಳಿಬಿಡಿ.

ಫಿಲ್ಮಿನ ಅಂಚಿನಲ್ಲಿ ಕಂಪನಿಯ ಹೆಸರು, ಅಂಕಿ ಇರುತ್ತವಲ್ಲ, ಅವು ಗಾಢವಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ಬೆಳಕು ಸಾಲದಾಗಿದೆ. ಅಂಕಿಯೂ ಮಾಸಿದ್ದರೆ ತೊಳೆಯುವಾಗಲೇ ಎಡವಟ್ಟಾಗಿದೆ, ಕ್ಯಾಮೆರಾ ಮುಟ್ಟಬೇಡಿ.

ಇಡೀ ರೋಲ್ ಒಂದೇ ಸಮ ತೆಳುವಾಗಿದ್ದರೆ ಸೆಲ್ ನೋಡಿ. ಹಳೆಯ ಎಷ್ಟೋ ಕ್ಯಾಮೆರಾಗಳ ಬೆಳಕು ಅಳೆಯುವ ಮೀಟರ್ 1.35 ವೋಲ್ಟ್ ಪಾದರಸದ ಸೆಲ್ಲಿಗೆ ಹೊಂದಿಸಿದ್ದು. 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಅವುಗಳಲ್ಲಿ ಹಲವು ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸುತ್ತವೆ. ಕಿವಿ ಮಷೀನಿನ 675 ನಂಬರ್ ಸೆಲ್ 1.4 ವೋಲ್ಟ್, ಸುತ್ತ ಒಂದು ರಿಂಗ್ ಕೂರಿಸಿದರೆ ಆಯಿತು. ಸ್ಟಿಕ್ಕರ್ ಕಿತ್ತ ಮೇಲೆ ಅದು ಒಣಗುತ್ತಾ ಹೋಗುತ್ತದೆ, ನಮ್ಮ ಬೇಸಿಗೆಯಲ್ಲಂತೂ ಬೇಗ. ಸೆಲ್ ಸರಿಯಿದ್ದೂ ಆನೆಗೊಂದಿಯ ಬಂಡೆಗಳ ಚಿತ್ರ ಮಾತ್ರ ತೆಳುವಾದರೆ ಮೀಟರ್ ಆಕಾಶ ಓದಿದೆ. ಕ್ಯಾಮೆರಾ ಕೆಳಗೆ ಬಾಗಿಸಿ ಬಂಡೆಯನ್ನೇ ಅಳೆಯಿರಿ.

ಒಂದೊಂದು ಫ್ರೇಮ್ ಒಂದೊಂದು ಥರ ಬಂದರೆ ಹೀಗೆ ಪರೀಕ್ಷಿಸಿ. 100 ಐಎಸ್‌ಒ (ಬೆಳಕಿಗೆ ಫಿಲ್ಮ್ ಸ್ಪಂದಿಸುವ ಅಳತೆ) ರೋಲ್ ಹಾಕಿ, ಬಿಸಿಲು ಬೆನ್ನಿಗಿರುವಂತೆ ನಿಂತು ಬಳ್ಳಾರಿ ಕೋಟೆ ಗುಡ್ಡವನ್ನು ನಾಲ್ಕು ಸಲ ತೆಗೆಯಿರಿ (ಎಫ್ ಎಂದರೆ ಲೆನ್ಸಿನ ಕಿಂಡಿಯ ಅಳತೆ, 1/125 ಎಂದರೆ ಶಟರ್ ತೆರೆದಿರುವ ಸೆಕೆಂಡಿನ ಭಾಗ): ಎಫ್/16ಕ್ಕೆ 1/125, ಎಫ್/11ಕ್ಕೆ 1/250, ಎಫ್/8ಕ್ಕೆ 1/500, ಎಫ್/5.6ಕ್ಕೆ 1/1000. ನಾಲ್ಕಕ್ಕೂ ಬೀಳುವ ಬೆಳಕು ಒಂದೇ. ಎಫ್/16ರದು ಮಾತ್ರ ಗಾಢವಾದರೆ ಲೆನ್ಸಿನ ಬ್ಲೇಡಿಗೆ ಎಣ್ಣೆ ಹತ್ತಿ ಪೂರ್ತಿ ಮುಚ್ಚುತ್ತಿಲ್ಲ. 1/1000ರಲ್ಲಿ ಒಂದು ಪಕ್ಕ ಮಾತ್ರ ತೆಳುವಾದರೆ ಶಟರಿನ ಎರಡು ಪರದೆ ಒಂದೇ ವೇಗದಲ್ಲಿ ಓಡುತ್ತಿಲ್ಲ.

ಇನ್ನು ಫ್ರೇಮ್‌ಗಳ ನಡುವಿನ ಅಂತರ. 35 ಎಂಎಂ ಫಿಲ್ಮ್ ಪ್ರತಿ ಸಲ 8 ತೂತು, ಅಂದರೆ 38 ಮಿಮೀ ಸರಿಯಬೇಕು: 36 ಮಿಮೀ ಚಿತ್ರಕ್ಕೆ, 2 ಮಿಮೀ ಖಾಲಿ. ವೇಸ್ಟ್ ರೋಲ್ ಹಾಕಿ, ಹಿಂಬಾಗಿಲು ತೆರೆದಿಟ್ಟೇ ಗೇಟಿನ (ಫಿಲ್ಮಿಗೆ ಬೆಳಕು ಬೀಳುವ ಚೌಕದ) ಅಂಚಿಗೆ ಸರಿಯಾಗಿ ಒಂದು ತೂತಿಗೆ ಮಾರ್ಕರ್ ಹಚ್ಚಿ. ಲಿವರ್ ಒಂದು ಸಲ ಪೂರ್ತಿ ಎಳೆದು ಎಷ್ಟು ತೂತು ಸರಿಯಿತೆಂದು ಎಣಿಸಿ. ಹತ್ತು ಸಲವಾದರೂ ಮಾಡಿ, ಏಕೆಂದರೆ ಫಿಲ್ಮ್ ಸುತ್ತುವ ಸ್ಪೂಲನ್ನು ತಿರುಗಿಸುವ ಕ್ಲಚ್ ಜಾರುತ್ತಿದ್ದರೂ ಮೊದಲೆರಡು ಸಲ ಸುಮ್ಮನಿರುತ್ತದೆ.

ಸುತ್ತಿದಂತೆಲ್ಲ ಅಂತರ ಹಿಗ್ಗುತ್ತಾ ಹೋದರೆ ತಳದ ರಿವೈಂಡ್ ಗುಂಡಿ ಒಳಗೇ ಸಿಕ್ಕಿಕೊಂಡಿದೆ ಎಂದುಕೊಳ್ಳಿ. ಹಲ್ಲುಚಕ್ರ ಸುಮ್ಮನೆ ತಿರುಗಿ ಫಿಲ್ಮನ್ನು ಸುತ್ತುವ ಸ್ಪೂಲ್ ಒಂದೇ ಎಳೆಯುತ್ತಿರುತ್ತದೆ. ಸ್ಪೂಲ್ ದಪ್ಪವಾದಷ್ಟೂ ಎಳೆತ ಜಾಸ್ತಿ. ಗೊತ್ತುಗುರಿಯಿಲ್ಲದೆ 6, 7, 8 ಬಂದರೆ ಹರಿದ ತೂತು, ಬಿಗಿ ಕ್ಯಾಸೆಟ್, ಇಲ್ಲವೇ ಸವೆದ ಕ್ಲಚ್. ಕ್ಯಾಸೆಟ್ ಬದಲಿಸಿಯೂ ಹೋಗದಿದ್ದರೆ ಕ್ಲಚ್ಚೇ. ಮೇಲಿಂದ ಎಣ್ಣೆ ಬಿಡುವ ಚಟ ಬೇಡ, ಅದು ಹರಿದು ಶಟರ್ ಪರದೆ ಹಿಡಿಯುತ್ತದೆ. ತಳದ ಪ್ಲೇಟ್ ಬಿಚ್ಚಿ ಗಟ್ಟಿಯಾದ ಹಳೆ ಗ್ರೀಸ್ ತೆಗೆಯುವುದು ರಿಪೇರಿಯವರ ಕೆಲಸ. ಕೊಡುವಾಗ ಮಾರ್ಕರ್ ಹಚ್ಚಿದ ಆ ಫಿಲ್ಮನ್ನೂ ಜೊತೆಗೆ ಕೊಡಿ.